ಕೈಬಿಟ್ಟ ಹನ್ನೆರಡು ಸಾಲು

ಪುಣೆಯಲ್ಲಿ ನನಗೆ ಒಂದೇ ಒಂದು ಸಲ ಶಾಲು ಹೊದಿಸಿ, ಕೈಗೆ ತೆಂಗಿನಕಾಯಿ ಕೊಟ್ಟು ಸತ್ಕಾರ ಮಾಡಿದ್ದಾರೆ. ಆ ದಿನ ನಾನು ಹೇಳಿದ ಸುಳ್ಳನ್ನು ಹೆಂಡತಿಗೂ ಪೂರ್ತಿ ಹೇಳಿಲ್ಲ. ಕೆಲವು ನಾಚಿಕೆಗಳು ವರ್ಷ ಕಳೆದಂತೆ ಸವೆಯುತ್ತವೆ ಎನ್ನುತ್ತಾರೆ. ಇದು ಸವೆದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ವಿಜಾಪುರದ ಕಡೆಯ ಮನೆತನ. ಅಪ್ಪ ಪುಣೆಯ ಖಡಕಿಯ ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ, ಹಾಗೆ ಬೆಳೆದೆವು. ಮದುವೆಯಾದ ಮೇಲೆ ನಾನು ಅದೇ ಊರಿನ ಇನ್ನೊಂದು ತುದಿಯ ನಿಗಡಿಗೆ ಬಂದೆ. ಯೆರವಡಾ ಕಡೆಯ ಒಂದು ಕಂಪನಿಯಲ್ಲಿ ಕೆಲಸ. ಬ್ಯಾಂಕುಗಳಿಗೆ ವರದಿ ಅಚ್ಚು ಹಾಕಿಕೊಡುವ ಪ್ರೋಗ್ರಾಂ ಬರೆಯುವುದು, ಅದರಲ್ಲಿ ಗೆರೆ ಸರಿಯಾಗಿ ಕೂತಿದೆಯೋ ಇಲ್ಲವೋ ನೋಡುವುದು. ಬೆಳಗ್ಗೆ ಎರಡು ಬಸ್ಸು, ಸಂಜೆ ಎರಡು ಬಸ್ಸು. ಇಂಥ ಕೆಲಸದಲ್ಲಿ ಇದ್ದವನಿಗೆ ಎಲ್ಲಾದರೂ ಒಂದು ಕಡೆ ತಾನು ದೊಡ್ಡವನು ಅನ್ನಿಸಿಕೊಳ್ಳುವ ಚಟ ಹತ್ತುತ್ತದೆ. ನನಗೆ ಅದು ಲಿಸ್ಪ್‌ನಿಂದ ಹತ್ತಿತು.

ಲಿಸ್ಪ್ ಎಂಬುದು ಕಂಪ್ಯೂಟರಿನ ಹಳೆಯ ಭಾಷೆಗಳಲ್ಲಿ ಒಂದು. ನೋಡುವುದಕ್ಕೆ ಬರೀ ಬ್ರ್ಯಾಕೆಟ್ಟುಗಳ ಸಂತೆ, ಆದರೆ ಒಮ್ಮೆ ರುಚಿ ಹತ್ತಿದರೆ ಬಿಡುವುದಿಲ್ಲ. ಅದರಲ್ಲಿ ಬರೆದದ್ದನ್ನು ಯಂತ್ರಕ್ಕೆ ತಿಳಿಯುವಂತೆ ಮಾಡುವ ಪ್ರೋಗ್ರಾಮಿಗೆ ಕಂಪೈಲರ್ ಎನ್ನುತ್ತಾರೆ. ತೊಂಬತ್ತರ ದಶಕದ ಕೊನೆಗೆ ಒಂದು ಪತ್ರಿಕೆಯ ಜೊತೆ ಬಂದ ಸಿಡಿಯಿಂದ ನಾನು ಮನೆಯ ಕಂಪ್ಯೂಟರಿಗೆ ಒಂದು ಮುಕ್ತ ಆಪರೇಟಿಂಗ್ ಸಿಸ್ಟಮ್ ಹಾಕಿಕೊಂಡೆ. ಅದು ಯಾವ ಕಂಪನಿಯ ಸ್ವತ್ತೂ ಅಲ್ಲ. ಜಗತ್ತಿನ ಮೂಲೆಮೂಲೆಯ ಜನ ಸಂಬಳವಿಲ್ಲದೆ, ಒಬ್ಬೊಬ್ಬರು ಒಂದೊಂದು ಪ್ಯಾಕೇಜಿನ, ಅಂದರೆ ಒಂದೊಂದು ಪ್ರೋಗ್ರಾಮಿನ ಗಂಟಿನ, ಉಸ್ತುವಾರಿ ಹೊತ್ತು ನಡೆಸುವ ಸಂಸಾರ ಅದು. ಅದರಲ್ಲಿ ಒಂದು ಲಿಸ್ಪ್ ಕಂಪೈಲರ್ ಇತ್ತು, ಅದರ ಉಸ್ತುವಾರಿಯವರು ಕೈಬಿಟ್ಟಿದ್ದರು. ನಾನು ನೋಡಿಕೊಳ್ಳುತ್ತೇನೆ ಎಂದು ಪತ್ರ ಬರೆದೆ. ಕೆಲವು ತಿಂಗಳ ಪರೀಕ್ಷೆಯ ನಂತರ ಕೊಟ್ಟರು.

ಕಂಪೈಲರ್ ಬರೆದವರು ಬೇರೆ ಜನ. ಅವರು ಹೊಸ ಆವೃತ್ತಿ ಮಾಡಿದಾಗ ಅದನ್ನು ತಂದು, ನಮ್ಮ ಸಿಸ್ಟಮ್‌ಗೆ ಹೊಂದಿಸಿ, ಬರೆದದ್ದನ್ನು ನಡೆಯುವ ಪ್ರೋಗ್ರಾಮಾಗಿ ಕಟ್ಟಿ, ಎಲ್ಲರಿಗೂ ಸಿಗುವಂತೆ ಅಪ್‌ಲೋಡ್ ಮಾಡುವುದು ನನ್ನ ಕೆಲಸ. ದೂರು ಬಂದರೆ ಉತ್ತರಿಸುವುದು, ಬದಲಾವಣೆಗಳ ಪಟ್ಟಿಯಲ್ಲಿ ಏನು ಮಾಡಿದೆ ಎಂದು ಬರೆದು ಹೆಸರು ಹಾಕುವುದು. ಕಂಪೈಲರ್ ತಾನೇ ಲಿಸ್ಪ್‌ನಲ್ಲಿ ಬರೆದದ್ದಾದ್ದರಿಂದ ಹೊಸದನ್ನು ಕಟ್ಟಲು ಹಳೆಯದು ಬೇಕು. ನಿನ್ನೆಯ ಮೊಸರಿಲ್ಲದೆ ಇವತ್ತಿನ ಹಾಲಿಗೆ ಹೆಪ್ಪು ಹಾಕಲು ಆಗದಲ್ಲ, ಹಾಗೆ. ಡಯಲ್‌ಅಪ್ ಕಾಲ, ಒಂದು ಅಪ್‌ಲೋಡ್ ಅಂದರೆ ಭಾನುವಾರ ಮಧ್ಯಾಹ್ನವಿಡೀ ಮನೆಯ ಫೋನು ನನ್ನದೇ. ಅತ್ತೆಯ ಮನೆಯವರು ಎಷ್ಟು ಹೊತ್ತಿಗೆ ಮಾಡಿದರೂ ಎಂಗೇಜ್ ಬರುತ್ತದೆ ಎಂದು ಬೈಯುತ್ತಿದ್ದರು. ಮೊದಲ ಎರಡು ವರ್ಷ ನಾನು ನಿಜವಾಗಿ ದುಡಿದೆ, ಅದನ್ನು ಹೇಳಿಕೊಳ್ಳಲು ಸಂಕೋಚವಿಲ್ಲ.

ಆಮೇಲೆ ಕೆಲಸ ಹಿಂದೆ ಬಿತ್ತು, ಹೆಸರು ಮುಂದೆ ಬಂತು. ಉಡುಪಿ ಹೋಟೆಲಿನಲ್ಲಿ ಗೆಳೆಯರ ಎದುರು ಇಡ್ಲಿ ಮುರಿಯುತ್ತ, 'ಜಗತ್ತಿನಾಗ ಯಾವ ಮೂಲ್ಯಾಗ ಈ ಕಂಪೈಲರ್ ಹಾಕ್ಕೊಂಡ್ರೂ ನನ್ನ ಹೆಸರು ಬರತದ' ಎಂದು ಹೇಳುವುದರಲ್ಲಿ ಇದ್ದ ಸುಖ ದೂರುಗಳನ್ನು ಓದುವುದರಲ್ಲಿ ಇರಲಿಲ್ಲ. ದೂರಿನ ಮೇಲ್‌ಗಳಿಗೆ ಒಂದು ಬೇರೆ ಫೋಲ್ಡರ್ ಮಾಡಿ, ಅದನ್ನು ಯಾವಾಗಲೋ ಒಮ್ಮೆ ತೆರೆದು, ಮೇಲೆ ಮೇಲೆ ನೋಡಿ ಮುಚ್ಚುತ್ತಿದ್ದೆ.

ಅದರಲ್ಲಿ ಒಂದು ದೂರು ಐದು ತಿಂಗಳಿಂದ ಕೊಳೆಯುತ್ತಿತ್ತು. ಒಂದು ಹಳೆಯ ಜಾತಿಯ ಪ್ರೊಸೆಸರ್ ಇರುವ ಯಂತ್ರಗಳಲ್ಲಿ, ದಶಮಾಂಶದ ಲೆಕ್ಕ ಬಂದ ಕೂಡಲೇ ಕಂಪೈಲರ್ ಕುಸಿದು ಬೀಳುತ್ತದೆ ಎಂದು ಯಾರೋ ವಿವರವಾಗಿ ಬರೆದಿದ್ದರು. ಅಂಥ ಯಂತ್ರ ನನ್ನ ಹತ್ತಿರ ಇರಲಿಲ್ಲ. ಇರಲಿಲ್ಲ ಎಂದು ಒಂದು ಸಾಲು ಉತ್ತರ ಬರೆಯಬಹುದಿತ್ತು, ಬರೆಯಲಿಲ್ಲ. ಅಷ್ಟರಲ್ಲಿ ದೂರದ ಒಂದು ತಂಪು ದೇಶದ ಮನುಷ್ಯ, ನನ್ನ ಹಾಗೆಯೇ ಬೇರೆ ಪ್ಯಾಕೇಜುಗಳ ಉಸ್ತುವಾರಿ ಇದ್ದವನು, ತನ್ನ ಹತ್ತಿರ ಅಂಥ ಯಂತ್ರ ಇದ್ದುದರಿಂದ ತೊಂದರೆ ಹುಡುಕಿ ಹನ್ನೆರಡು ಸಾಲಿನ ಪರಿಹಾರ ಕಳಿಸಿದ. ನಾನು ಮಾತಾಡಲಿಲ್ಲ. ಎರಡು ಸಲ ನೆನಪಿಸಿದ. ಆಗಲೂ ಮಾತಾಡಲಿಲ್ಲ.

ನಮ್ಮ ಸಂಸಾರದಲ್ಲಿ ಇದಕ್ಕೊಂದು ರೂಢಿ ಇದೆ. ಉಸ್ತುವಾರಿಯವನು ಬಾಯಿ ಬಿಡದೆ ಕೂತರೆ, ಮೊದಲು ತಿಳಿಸಿ, ಕೆಲವು ದಿನ ಕಾದು, ಇನ್ನೊಬ್ಬರು ಅವನ ಪ್ಯಾಕೇಜನ್ನು ಸರಿಪಡಿಸಿ ಅಪ್‌ಲೋಡ್ ಮಾಡಬಹುದು. ಮನೆಯವರು ಇಲ್ಲದಾಗ ನಲ್ಲಿ ಹರಿಯುತ್ತಿದ್ದರೆ ಪಕ್ಕದ ಮನೆಯವರು ಬಂದು ತಿರುಗಿಸಿ ಹೋದಂತೆ. ಮುಂದಿನ ಸಲ ಉಸ್ತುವಾರಿಯವನು ತಾನೇ ಅಪ್‌ಲೋಡ್ ಮಾಡುವಾಗ ಆ ಬದಲಾವಣೆಯನ್ನು ತನ್ನದರಲ್ಲಿ ಸೇರಿಸಿಕೊಳ್ಳಬೇಕು. ಸೇರಿಸದಿದ್ದರೆ ವಾಸಿಯಾದ ರೋಗ ತಿರುಗಿ ಬರುತ್ತದೆ. ಆ ಮನುಷ್ಯ ಎಲ್ಲವನ್ನೂ ರೂಢಿಯ ಪ್ರಕಾರ ಮಾಡಿದ. ಬದಲಾವಣೆಗಳ ಪಟ್ಟಿಯಲ್ಲಿ ಬರೆದ: ಉಸ್ತುವಾರಿಯವರಿಂದ ಐದು ತಿಂಗಳಿಂದ ಉತ್ತರವಿಲ್ಲ.

ಆ ಒಂದು ಸಾಲು ಓದಿ ನನ್ನ ಮೈ ಉರಿಯಿತು. ಸುಳ್ಳಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ತಿಂಗಳುಗಟ್ಟಲೆ ಮುಟ್ಟದ ಪ್ಯಾಕೇಜನ್ನು ಮರುವಾರವೇ ಕೈಗೆತ್ತಿಕೊಂಡೆ. ಹೊಸ ಆವೃತ್ತಿ ತಂದೆ, ನನ್ನ ಹಳೆಯ ಪ್ರತಿಯಿಂದಲೇ ಕಟ್ಟಿದೆ, ಅವನ ಹನ್ನೆರಡು ಸಾಲನ್ನು ಬೇಕಂತಲೇ ಹೊರಗಿಟ್ಟೆ. ಪಟ್ಟಿಯಲ್ಲಿ ಬರೆದೆ: ಹಿಂದಿನ ಬದಲಾವಣೆ ಅನಗತ್ಯ, ಕೈಬಿಡಲಾಗಿದೆ. ಅನಗತ್ಯವೋ ಅಗತ್ಯವೋ ನಾನು ಪರೀಕ್ಷಿಸಿಯೇ ಇರಲಿಲ್ಲ. ಅಪ್‌ಲೋಡ್ ಮುಗಿಸಿ, ಫೋನಿನ ತಂತಿ ಕಿತ್ತು ಚಹಾ ಕೇಳಿದೆ, ಭಾಳ ದಿನಗಳ ನಂತರ ಅಷ್ಟು ಉಮೇದಿಯಲ್ಲಿದ್ದೆ.

ಅದಾಗಿ ಎರಡು ತಿಂಗಳಿಗೆ ಮನೆಗೆ ಒಂದು ಫೋನು ಬಂತು. ಹೆಣ್ಣುಧ್ವನಿ, ಶುದ್ಧ ನಮ್ಮ ಕಡೆಯ ಮಾತು.

"ನಮಸ್ಕಾರ್ರಿ ಸರ. ನಾನು ಬಾಗಲಕೋಟಿ ಕಡೆಯಾಕಿ. ಇಲ್ಲೇ ಆಕುರ್ಡಿ ಹತ್ರ ಕಾಲೇಜಿನಾಗ ಕಂಪ್ಯೂಟರ್ ಕಲಸ್ತೇನಿ. ಆ ಕಂಪೈಲರ್ ನೋಡ್ಕೊಳ್ಳೋರು ನಮ್ಮವರ ಅಂತ, ಅದೂ ನಿಗಡಿಯಾಗ ಇರತಾರ ಅಂತ ಗೊತ್ತಾಗಿ ಭಾಳ ಸಂತೋಷ ಆತ್ರಿ. ಒಂದ ಸಲ ನಮ್ಮ ಕಾಲೇಜಿಗೆ ಬರ್ರಿ. ಹುಡುಗರಿಗೆ ನಾಕ ಮಾತ ಹೇಳ್ರಿ."

ಹೆಂಡತಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

"ಆ ಬ್ರ್ಯಾಕೆಟ್ಟಿನ ಭಾಷಾಕ್ಕ ಕಾರ್ಯಕ್ರಮ ಇಟ್ಟಾರೇನ್ರಿ? ಆ ಊರಾಗ ಬ್ಯಾರೆ ಯಾರೂ ಸಿಗಲಿಲ್ಲೇನು?" ಎಂದು ನಕ್ಕಳು. ನಗುತ್ತಲೇ ನನ್ನ ಬಿಳಿ ಅಂಗಿಗೆ ಇಸ್ತ್ರಿ ಮಾಡಿಟ್ಟಳು.

ಸೋಮವಾರ ಅರ್ಧ ದಿನ ರಜೆ ಹಾಕಿ ಹೋದೆ. ಪ್ರಾಚಾರ್ಯರು ಮರಾಠಿಯಲ್ಲಿ ಸ್ವಾಗತ ಮಾಡಿದರು, ಶಾಲು ಹೊದಿಸಿದರು. ನಾನು ವಿದ್ಯಾರ್ಥಿಗಳಿಗೆ ಮುಕ್ಕಾಲು ತಾಸು ಉಪದೇಶ ಕೊಟ್ಟೆ. ನಮ್ಮ ಈ ಲೋಕದಲ್ಲಿ ಜಾತಿಯಿಲ್ಲ, ಹುದ್ದೆಯಿಲ್ಲ, ತಪ್ಪನ್ನು ಯಾರು ತೋರಿಸಿದರೂ ಕೈಮುಗಿದು ಒಪ್ಪಿಕೊಳ್ಳಬೇಕು, ಅದೇ ಇಲ್ಲಿಯ ಧರ್ಮ ಎಂದೆ. ಆ ಮಾತು ಹೇಳುವಾಗ ನನ್ನ ನಾಲಿಗೆ ತಡವರಿಸಲೂ ಇಲ್ಲ. ಹುಡುಗರು ಚಪ್ಪಾಳೆ ತಟ್ಟಿದರು.

ಆಮೇಲೆ ಆ ಅಧ್ಯಾಪಕಿ ನನ್ನನ್ನು ತಮ್ಮ ಲ್ಯಾಬಿಗೆ ಕರೆದುಕೊಂಡು ಹೋದರು. ನಲವತ್ತರ ಆಸುಪಾಸಿನವರು, ಇಳಕಲ್ ಸೀರೆ, ಕೈಯಲ್ಲಿ ಚಾಕಿನ ಪುಡಿ. ಕೋಣೆಯಲ್ಲಿ ಆರು ಹಳೆಯ ಯಂತ್ರಗಳಿದ್ದವು. ಯಾವುದೋ ಕಾರ್ಖಾನೆಯ ಡಿಸೈನ್ ವಿಭಾಗದವರು ಹೊಸವು ಕೊಂಡಾಗ ಇವನ್ನು ಕಾಲೇಜಿಗೆ ದಾನ ಮಾಡಿದ್ದರು. ಬೇರೆ ಲ್ಯಾಬಿನ ಹೊಸ ಕಂಪ್ಯೂಟರುಗಳನ್ನು ಮುಟ್ಟಲು ವಿಭಾಗದ ಮುಖ್ಯಸ್ಥರು ಬಿಡುತ್ತಿರಲಿಲ್ಲವಂತೆ. ಹಾಗಾಗಿ ಈ ಆರರ ಮೇಲೆಯೇ ಅವರ ಪಿಎಚ್‌ಡಿ ನಿಂತಿತ್ತು.

ಭೋಸರಿಯ ಕಾರ್ಖಾನೆಯೊಂದರಲ್ಲಿ ಒಬ್ಬ ಹಿರಿಯ ಫಿಟ್ಟರ್ ಇದ್ದರಂತೆ. ಸ್ಕ್ರೂಡ್ರೈವರಿನ ತುದಿಯನ್ನು ಪಂಪಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿಕೊಂಡು, ಯಾವ ಬೇರಿಂಗ್ ಹೋಗಿದೆ, ಇನ್ನು ಎಷ್ಟು ದಿನ ಬಾಳುತ್ತದೆ ಎಂದು ಹೇಳುವ ಮನುಷ್ಯ. ಈಕೆ ಆರು ವರ್ಷ, ಪ್ರತಿ ಗುರುವಾರ ಕಾರ್ಖಾನೆಗೆ ರಜೆ ಇರುವ ದಿನ ಅವರ ಮನೆಗೆ ಹೋಗಿ, ಅವರ ತಲೆಯಲ್ಲಿದ್ದದ್ದನ್ನು ಕೇಳಿ ಕೇಳಿ ಲಿಸ್ಪ್‌ನಲ್ಲಿ ನಿಯಮಗಳಾಗಿ ಬರೆದಿದ್ದರು. ಇಂಥ ಸದ್ದಿದ್ದರೆ, ಇಷ್ಟು ಬಿಸಿಯಿದ್ದರೆ, ಈ ದೋಷವಿರುವ ಸಾಧ್ಯತೆ ಇಷ್ಟು. ಆ 'ಇಷ್ಟು' ಪ್ರತಿ ನಿಯಮದಲ್ಲೂ ದಶಮಾಂಶ ಸಂಖ್ಯೆ.

ಅವರು ಯಂತ್ರ ಚಾಲೂ ಮಾಡಿ ಪ್ರೋಗ್ರಾಂ ನಡೆಸಿದರು. ಮೊದಲ ನಿಯಮಕ್ಕೇ ಕಂಪೈಲರ್ ಕುಸಿಯಿತು. ಪರದೆಯ ಮೇಲೆ ನಾನು ಚೆನ್ನಾಗಿ ಬಲ್ಲ ದೋಷ, ಆ ಐದು ತಿಂಗಳ ದೂರಿನಲ್ಲಿದ್ದ ಅದೇ ದೋಷ.

"ನಡುವ ಒಂದ್ಸಲ ಸರಿ ಆಗಿತ್ರಿ. ಎರಡ ತಿಂಗಳ ಹಿಂದ ಹೊಸದು ಹಾಕ್ಕೊಂಡ್ವಿ, ಹಳೇದು ಅಳಿಸಿ ಹೋತು, ಮತ್ತ ಹಿಂಗ. ಬರೋ ಸೋಮವಾರ ಮುಂಬಯಿಯಿಂದ ಪರೀಕ್ಷಕರು ಬರತಾರ, ಅವರ ಮುಂದ ನಡಿಸಿ ತೋರಸ್ಬೇಕು. ನಮ್ಮ ಗೈಡ್ ಈ ತಿಂಗಳಿಗೆ ರಿಟೈರ್ ಆಗತಾರ. ಇದು ತಪ್ಪಿದ್ರ ನಾ ಮತ್ತ ಬ್ಯಾರೆ ಗೈಡ್ ಹುಡುಕಿ ಮೊದಲಿಂದ ನೋಂದಣಿ ಮಾಡಸ್ಬೇಕ್ರಿ. ಇದು ಯಾಕ ಹಿಂಗಾತು ಸರ?"

ನಾನು ಸ್ವಲ್ಪವೂ ಯೋಚಿಸದೆ ಹೇಳಿದೆ: "ಅಂವ ಯಾವನೋ ಹೊರದೇಶದಾವ ನನ್ನ ಕೇಳದ ನನ್ನ ಪ್ಯಾಕೇಜಿನಾಗ ಕೈ ಹಾಕ್ಯಾನ್ರಿ ಮೇಡಂ. ಅವನ ಕೈಗುಣದಿಂದ ಹಿಂಗಾಗೇದ. ನೀವ ಕಾಳಜಿ ಮಾಡಬ್ಯಾಡ್ರಿ, ಭಾನುವಾರದೊಳಗ ನಾ ಸರಿ ಮಾಡಿ ಹಾಕತೇನಿ."

ಅವರು ಕೇಳಿದ್ದು ಯಾಕೆ ಎಂದು, ಯಾರು ಎಂದಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನು ನಾನು. ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿ, "ಹೌದ್ರಿ?" ಎಂದರು. ಆಮೇಲೆ ಪರದೆ ಆರಿಸಿ, "ಚಹಾ ತಗೋರಿ, ಆರತದ" ಎಂದರು.

ಮನೆಗೆ ಬಂದಾಗ ಹೆಂಡತಿ ಆ ತೆಂಗಿನಕಾಯಿ ಒಡೆದು ಚಟ್ನಿ ಮಾಡಿದಳು. ನಾನು ಎರಡು ಸಲ ಹಾಕಿಸಿಕೊಂಡು ತಿಂದೆ. ಉಂಡ ಮೇಲೆ ಕಂಪ್ಯೂಟರ್ ಮುಂದೆ ಕೂತು, ಆ ಹಳೆಯ ದೂರನ್ನು ಮೊದಲ ಬಾರಿಗೆ ಪೂರ್ತಿ ಓದಿದೆ. ದೂರು ಕೊಟ್ಟವರ ಹೆಸರು ಆಕೆಯದೇ ಆಗಿತ್ತು. ಕೆಳಗೆ, ತಂಪು ದೇಶದವನ ಅಪ್‌ಲೋಡ್ ಆದ ಮರುದಿನ, ಆಕೆ ಅವನಿಗೆ ಬರೆದ ನಾಲ್ಕು ಸಾಲಿತ್ತು. ಈಗ ಎಲ್ಲ ಸರಿಯಾಗಿ ನಡೆಯುತ್ತಿದೆ, ನಮ್ಮ ಫಿಟ್ಟರ್ ಅಜ್ಜ ಬಂದು ನೋಡಿ ತಮ್ಮ ಮಾತನ್ನೇ ಯಂತ್ರ ಹೇಳುತ್ತಿದೆ ಎಂದರು, ನಿಮಗೆ ನನ್ನ ನಮಸ್ಕಾರ. ಅದರ ಕೆಳಗೆ, ಬದಲಾವಣೆಗಳ ಪಟ್ಟಿಯಿಂದ ತಾನಾಗಿ ಬಂದು ಕೂತ ನನ್ನ ಸಾಲು: ಅನಗತ್ಯ, ಕೈಬಿಡಲಾಗಿದೆ.

ಅಂದರೆ ಆಕೆಗೆ ಎಲ್ಲ ಗೊತ್ತಿತ್ತು. ಯಾರು ಕೆಡಿಸಿದ್ದು, ಯಾರು ಸರಿ ಮಾಡಿದ್ದು, ಎಲ್ಲ. ಸುಳ್ಳು ಹೇಳುವಾಗ ಎದುರಿಗಿದ್ದವರಿಗೆ ಸತ್ಯ ಗೊತ್ತಿದ್ದರೆ, ಆ ಸುಳ್ಳು ಹೇಳಿದವನ ಮೈಮೇಲೆ ಬಟ್ಟೆ ಇರುವುದಿಲ್ಲ.

ಆಗಲಾದರೂ ಬುದ್ಧಿ ಬರಬೇಕಿತ್ತು. ಹನ್ನೆರಡು ಸಾಲನ್ನು ತಿರುಗಿ ಸೇರಿಸಿ ಅಪ್‌ಲೋಡ್ ಮಾಡಿದರೆ ಮುಗಿಯುತ್ತಿತ್ತು. ನಮ್ಮ ಸಂಸಾರದಲ್ಲಿ ಪ್ರತಿ ಜಾತಿಯ ಯಂತ್ರಕ್ಕೂ ಕಟ್ಟಿಕೊಡುವ ಕಂಪ್ಯೂಟರುಗಳು ಬೇರೆಯೇ ಇದ್ದವು, ಉಳಿದದ್ದನ್ನು ಅವೇ ಮಾಡುತ್ತಿದ್ದವು. ಒಂದು ಮಧ್ಯಾಹ್ನದ ಕೆಲಸ. ಆದರೆ ಹಾಗೆ ಮಾಡಿದರೆ ಪಟ್ಟಿಯಲ್ಲಿ, ಇಂಥವರು ಮಾಡಿದ ಬದಲಾವಣೆಯನ್ನು ಮರಳಿ ಸೇರಿಸಲಾಗಿದೆ ಎಂದು ಅವನ ಹೆಸರು ಬರೆಯಬೇಕು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. ಅದೇ ದೋಷಕ್ಕೆ ನನ್ನದೇ ಆದ ಬೇರೆ ಪರಿಹಾರ ಬರೆಯುತ್ತೇನೆ, ಅವನ ಹೆಸರಿನ ಹಂಗೇ ಬೇಡ ಎಂದುಕೊಂಡೆ.

ಮಂಗಳವಾರದಿಂದ ಶುಕ್ರವಾರದವರೆಗೆ ಆಫೀಸಿನಲ್ಲಿ ಕದ್ದು, ಮನೆಯಲ್ಲಿ ಕೂತು ಬರೆದೆ. ಅವನ ಹನ್ನೆರಡಕ್ಕೆ ನನ್ನದು ಎಪ್ಪತ್ತು ಸಾಲಾಯಿತು. ಪರೀಕ್ಷಿಸಲು ಯಂತ್ರವಿಲ್ಲ. ಆಕೆಯ ಲ್ಯಾಬಿನಲ್ಲಿ ಆರು ಇದ್ದವು, ಐದು ನಿಮಿಷದ ದಾರಿ, ಹೋಗಿ ಕೇಳಲು ಮುಖವಿರಲಿಲ್ಲ. ಶನಿವಾರ ಬೆಳಗ್ಗೆ ಹಾಗೇ ಅಪ್‌ಲೋಡ್ ಮಾಡಿದೆ. ಭಾನುವಾರ ಹತ್ತು ಗಂಟೆಗೆ ನೋಡಿದರೆ, ಆ ಜಾತಿಯ ಯಂತ್ರದಲ್ಲಿ ಕಂಪೈಲರ್ ಕಟ್ಟಿಕೊಳ್ಳಲೇ ಇಲ್ಲ ಎಂಬ ವರದಿ. ನನ್ನ ಎಪ್ಪತ್ತು ಸಾಲಿನಲ್ಲಿ ಒಂದು ಕಡೆ ದಶಮಾಂಶ ಬರೆದಿದ್ದೆ. ಹೊಸದನ್ನು ಕಟ್ಟಿಕೊಡಬೇಕಾದ ಹಳೆಯ ಕಂಪೈಲರಿಗೆ ದಶಮಾಂಶವೇ ಆಗದು, ಅದು ಅಲ್ಲೇ ಬಿತ್ತು. ಅವನ ಹನ್ನೆರಡು ಸಾಲು ಒಂದೂ ದಶಮಾಂಶವಿಲ್ಲದೆ ಯಾಕೆ ಅಷ್ಟು ಸುತ್ತಿ ಬಳಸಿ ಬರೆದಿದ್ದವು ಎಂಬುದು ಆಗ ಅರ್ಥವಾಯಿತು.

ಹನ್ನೊಂದಕ್ಕೆ ನಾನೇ ಆಕೆಗೆ ಫೋನು ಮಾಡಿದೆ. ಇನ್ನೆರಡು ದಿನ ಬೇಕಾಗಬಹುದು ಎಂದೆ.

"ಸರ, ಒಂದ ಮಾತ ಹೇಳತೇನಿ, ಸಿಟ್ಟಿಗೆ ಏಳಬ್ಯಾಡ್ರಿ. ನಾ ಒಂದ ತಿಂಗಳ ಹಿಂದ ಅವರಿಗೆ, ಆ ಹೊರದೇಶದವರಿಗೆ, ಬರದಿದ್ದೆ. ಮತ್ತೊಮ್ಮೆ ನಿಮ್ಮ ಬದಲಾವಣೆ ಹಾಕಿಕೊಡ್ರಿ ಅಂತ ಕೇಳಿದ್ದೆ. ಅವರು ಏನ ಬರದ್ರು ಗೊತ್ತೇನ್ರಿ? ಅದು ನಿಮ್ಮ ಊರವರ ಪ್ಯಾಕೇಜು, ಅವರು ಬ್ಯಾಡ ಅಂದದ್ದನ್ನ ನಾ ಹಿಂದಿನ ಬಾಗಲದಿಂದ ಕೊಡೂದು ಛಲೋ ಅಲ್ಲ, ಮೊದಲ ಅವರನ್ನ ಕೇಳ್ರಿ, ಅವರು ಹೂಂ ಅಂದ ದಿವಸನ ಹಾಕತೇನಿ ಅಂದ್ರು. ಅದಕ್ಕ ನಿಮ್ಮನ್ನ ಕರದಿದ್ದೆ ನಾ."

"ಮೊನ್ನೆ ಹೇಳ್ಲಿಲ್ಲಲ್ರಿ ಮೇಡಂ," ಎಂದೆ.

"ಹೆಂಗ ಹೇಳೂದ್ರಿ? ನಾ ಬಾಯಿ ತಗಿಯೂದ್ರಾಗ ನೀವು ಅವರ ಮ್ಯಾಲ ಹೇಳಿಬಿಟ್ರಿ. ನಾವ ಕರದು ಶಾಲು ಹೊದಿಸಿದವರಿಗೆ, ನೀವು ಹೇಳೂದು ಸುಳ್ಳು ಅಂತ ಅನ್ನಾಕ ಬರತದೇನ್ರಿ? ಹೋಗಲಿ ಬಿಡ್ರಿ. ಈಗರ ಒಂದ ಸಾಲು ಬರೀರಿ. ಹೂಂ ಅಂತ, ಅಷ್ಟ."

ಬರೆದೆ. ದಯವಿಟ್ಟು ನಿಮ್ಮ ಬದಲಾವಣೆ ಸೇರಿಸಿ ಎಂದು ಒಂದೇ ಸಾಲು. ತಪ್ಪಾಯಿತು ಎಂದು ಎರಡನೆಯ ಸಾಲು ಬರೆದು, ಅಳಿಸಿ, ಕಳಿಸಿದೆ. ಅವನಿರುವಲ್ಲಿ ಆಗಿನ್ನೂ ನಸುಕು ಇರಬೇಕು. ಅರ್ಧ ತಾಸಿನಲ್ಲಿ ಉತ್ತರ ಬಂತು: ಅನುಮತಿ ಕೊಟ್ಟದ್ದಕ್ಕೆ ಧನ್ಯವಾದಗಳು, ಈಗಲೇ ಮಾಡುತ್ತೇನೆ. ವ್ಯಂಗ್ಯ ಇದೆಯೇ ಎಂದು ಆ ಸಾಲನ್ನು ಹತ್ತು ಸಲ ಓದಿದೆ. ಇರಲಿಲ್ಲ.

ಅವನು ಭಾನುವಾರವೇ ಹಾಕಿದ. ಆದರೆ ಆ ಹಳೆಯ ಜಾತಿಗೆ ಕಟ್ಟಿಕೊಡುವ ಕಂಪ್ಯೂಟರುಗಳು ನಿಧಾನ, ಮೊದಲೇ ಸರದಿಯಲ್ಲಿ ಬೇರೆ ಪ್ಯಾಕೇಜುಗಳಿದ್ದವು, ನನ್ನ ಶನಿವಾರದ ಮುರುಕು ಪ್ಯಾಕೇಜಿನ ಕಸವನ್ನೂ ಯಾರೋ ಕೈಯಾರೆ ತೆಗೆಯಬೇಕಾಯಿತು. ಆಕೆಯ ಯಂತ್ರಕ್ಕೆ ಅದು ಬಂದದ್ದು ಮಂಗಳವಾರ ಸಂಜೆ. ಮುಂಬಯಿಯ ಪರೀಕ್ಷಕರು ಸೋಮವಾರ ಬಂದು, ಕಾಗದದ ಮೇಲೆ ಅಚ್ಚು ಹಾಕಿದ ನಿಯಮಗಳನ್ನು ನೋಡಿ, ನಡೆಯುವುದನ್ನು ತೋರಿಸದೆ ಒಪ್ಪಲಾಗದು ಎಂದು ಹೇಳಿ ಸಂಜೆಯ ಗಾಡಿಗೆ ಹೊರಟುಹೋಗಿದ್ದರು. ಗೈಡ್ ತಿಂಗಳ ಕೊನೆಗೆ ನಿವೃತ್ತರಾದರು. ಆಕೆ ಮತ್ತೆ ನೋಂದಣಿ ಮಾಡಿಸಿ, ಪದವಿ ಪಡೆದದ್ದು ಮೂರು ವರ್ಷದ ಮೇಲೆ ಎಂದು ಬೇರೆಯವರಿಂದ ಕೇಳಿದೆ. ಅಷ್ಟರಲ್ಲಿ ಆ ಫಿಟ್ಟರ್ ಅಜ್ಜ ತೀರಿಕೊಂಡಿದ್ದರಂತೆ.

ಅಭಿನಂದನೆ ಹೇಳಲು ಆಕೆಗೆ ಫೋನು ಮಾಡಲಿಲ್ಲ. ಒಂದು ಸಲ ಚಿಂಚವಡದ ಸ್ಟೇಷನ್ನಿನಲ್ಲಿ ಕಂಡಿದ್ದರು, ನಾನು ಪತ್ರಿಕೆ ಅಂಗಡಿಯ ಹಿಂದೆ ಸರಿದು ನಿಂತೆ.

ಪರೀಕ್ಷಕರು ಬಂದುಹೋದ ವಾರವೇ ನಾನು ಪ್ಯಾಕೇಜನ್ನು ಬಿಟ್ಟಿದ್ದೆ. ಉಸ್ತುವಾರಿ ಬಿಡುವವರು ಎಲ್ಲರಿಗೂ ಕಾಣುವಂತೆ ಒಂದು ಪ್ರಕಟಣೆ ಬರೆಯಬೇಕು, ಅದರಲ್ಲಿ ಯಾಕೆ ಬಿಡುತ್ತಿದ್ದೇನೆ ಎಂದು ಹೇಳಬೇಕು. ಮುಂದೆ ತಂಪು ದೇಶದವನೇ ನೋಡಿಕೊಂಡರೆ ಒಳ್ಳೆಯದು ಎಂದು ಬರೆದೆ, ಅಷ್ಟು ಮಾತ್ರ ಸರಿಯಾಗಿ ಮಾಡಿದೆ. ಕಾರಣ ಬರೆಯುವಲ್ಲಿ ಬಹಳ ಹೊತ್ತು ಕೂತೆ. ಆಕೆ ಓದುತ್ತಾರೆ, ಅವನು ಓದುತ್ತಾನೆ, ಇಬ್ಬರಿಗೂ ನಿಜ ಗೊತ್ತು, ಬರೆದುಬಿಡು ಎಂದು ನನಗೆ ನಾನೇ ಹೇಳಿಕೊಂಡೆ. ಕೊನೆಗೆ 'ಸಮಯದ ಅಭಾವ' ಎಂದು ಬರೆದು ಕಳಿಸಿದೆ. ಕೆಳಗೆ ಮೊದಲು ಬಂದ ಉತ್ತರ ಆಕೆಯದು: ಇಷ್ಟು ವರ್ಷದ ನಿಮ್ಮ ಸೇವೆಗೆ ವಂದನೆಗಳು.